ಗಲ್ಲಾಪೆಟ್ಟಿಗೆಯ ಬೀಗದ ಕೈ ಯಾರ ಹತ್ತಿರ ಇತ್ತು?

ಪ್ರಶ್ನೆ: ನಮ್ಮ ಮನೆ ಮಲ್ಪೆಯಲ್ಲಿ. ಅಣ್ಣ ಸರಕು ಹಡಗಿನಲ್ಲಿ ಕೆಲಸ ಮಾಡುತ್ತಾನೆ. ಜನವರಿ 9ರಂದು ಅವನ ಹಡಗು ಪನಾಮ ಕಾಲುವೆ ದಾಟುತ್ತಿತ್ತಂತೆ. ಹಗ್ಗ ಕಟ್ಟಲು ಹಡಗು ಹತ್ತಿದ್ದ ಅಲ್ಲಿಯ ಕೆಲಸಗಾರರೊಬ್ಬರು, "ಇವತ್ತು ನಮಗೆ ದುಃಖದ ದಿನ. ಅಮೆರಿಕದವರು ನಮ್ಮ ಹುಡುಗರನ್ನು ಕೊಂದ ದಿನ" ಎಂದರಂತೆ. ಕೆಲಸದ ಗಡಿಬಿಡಿಯಲ್ಲಿ ಅಣ್ಣನಿಗೆ ಹೆಚ್ಚು ಕೇಳಲು ಆಗಲಿಲ್ಲ. ನನ್ನನ್ನು ಕೇಳಿದ, ನನಗೂ ಗೊತ್ತಿಲ್ಲ. ಆ ದಿನ ಏನಾಯಿತು? ಅಮೆರಿಕ ತನ್ನ ಅಕ್ಕಪಕ್ಕದ ದೇಶಗಳಲ್ಲಿ ಅಷ್ಟೊಂದು ಸಲ ಯಾಕೆ ಕೈ ಹಾಕಿತು? ದೊಡ್ಡ ದೇಶ ಅಂದ ಮೇಲೆ ಎಲ್ಲರೂ ಹೀಗೇ ಅಲ್ವಾ, ನಾವೂ ಸೇರಿ?

ಉತ್ತರ: ಆ ಕೆಲಸಗಾರರು ಹೇಳಿದ್ದು ನಿಜ. ಮೊದಲು ಆ ದಿನದ ವಿಷಯವನ್ನೇ ಹೇಳಿಬಿಡುತ್ತೇನೆ. ನಿಮ್ಮ ಉಳಿದ ಎರಡು ಪ್ರಶ್ನೆಗಳಿಗೂ ದಾರಿ ಅಲ್ಲಿಂದಲೇ ಸಿಗುತ್ತದೆ.

1964ರಲ್ಲಿ ಪನಾಮದ ನಟ್ಟನಡುವೆ ಇನ್ನೊಂದು ದೇಶವೇ ಇದ್ದ ಹಾಗಿತ್ತು. ಕಾಲುವೆಯ ಎರಡೂ ದಡ ಸೇರಿ ಹತ್ತು ಮೈಲಿ ಅಗಲದ ಪಟ್ಟಿ ಅದು. ಹೆಸರು ಕಾಲುವೆ ವಲಯ. ಅಲ್ಲಿ ಅಮೆರಿಕದ ಗವರ್ನರ್, ಅಮೆರಿಕದ ಪೊಲೀಸ್, ಅಮೆರಿಕದ ಕೋರ್ಟು, ಅಮೆರಿಕದ ಶಾಲೆ. ನೇತ್ರಾವತಿಯ ಎರಡೂ ಬದಿ ಐದೈದು ಮೈಲಿ ಬೇರೆ ದೇಶದವರ ಕೈಯಲ್ಲಿದೆ, ಮಂಗಳೂರಿನಿಂದ ಉಳ್ಳಾಲಕ್ಕೆ ಹೋಗಬೇಕಾದರೆ ಅವರ ಪೊಲೀಸರ ಕಣ್ಣೆದುರೇ ದಾಟಬೇಕು ಎಂದು ಊಹಿಸಿಕೊಳ್ಳಿ. ಪನಾಮದ ಜನ ಅರವತ್ತು ವರ್ಷ ಹಾಗೆ ಬದುಕಿದರು.

ವಲಯದೊಳಗೆ ಪನಾಮದ ಬಾವುಟವನ್ನೂ ಹಾರಿಸಬೇಕೆಂಬುದು ಆ ಜನರ ಹಳೆಯ ಬೇಡಿಕೆ. ನಾಗರಿಕ ಜಾಗಗಳಲ್ಲಿ ಎರಡೂ ಬಾವುಟ ಜೊತೆಗೆ ಹಾರಲಿ ಎಂದು 1963ರಲ್ಲಿ ಒಪ್ಪಂದವಾಯಿತು. ವಲಯದಲ್ಲಿದ್ದ ಅಮೆರಿಕನ್ನರಿಗೆ ಅದು ಇಷ್ಟವಾಗಲಿಲ್ಲ. ಜಗಳವೇ ಬೇಡವೆಂದು ಗವರ್ನರ್ ಶಾಲೆಗಳ ಮುಂದೆ ಯಾವ ಬಾವುಟವೂ ಬೇಡ ಎಂದರು. ಬಾಲ್ಬೋವಾ ಹೈಸ್ಕೂಲಿನ ಅಮೆರಿಕನ್ ಮಕ್ಕಳು ಆ ಮಾತು ಕೇಳದೆ ತಮ್ಮ ಬಾವುಟ ಏರಿಸಿದರು. ಜನವರಿ 9ರ ಸಂಜೆ ಪನಾಮ ನಗರದ ಸರ್ಕಾರಿ ಶಾಲೆಯೊಂದರಿಂದ ಸುಮಾರು 200 ವಿದ್ಯಾರ್ಥಿಗಳು ತಮ್ಮ ಬಾವುಟ ಹಿಡಿದು ನಡೆದುಕೊಂಡು ಬಂದರು. ಅದು ಅವರ ಶಾಲೆಯಲ್ಲಿ ಜೋಪಾನವಾಗಿ ಇಟ್ಟಿದ್ದ ಹಳೆಯ ಬಾವುಟ. 1947ರ ಪ್ರತಿಭಟನೆಯಲ್ಲೂ ಅದನ್ನೇ ಹಿಡಿದಿದ್ದರು. ವಲಯದ ಪೊಲೀಸರು ಕೆಲವೇ ಹುಡುಗರನ್ನು ಬಾಲ್ಬೋವಾ ಶಾಲೆಯ ಬಾವುಟದ ಕಂಬದ ಹತ್ತಿರ ಬಿಟ್ಟರು. ಅಲ್ಲಿ ನೂಕುನುಗ್ಗಲಾಯಿತು. ಬಾವುಟ ಹರಿಯಿತು.

ಹರಿದ ಬಾವುಟದ ಸುದ್ದಿ ಊರಿಡೀ ಹಬ್ಬಿತು. ರಾತ್ರಿಯೊಳಗೆ ಸಾವಿರಾರು ಜನ ವಲಯದ ಬೇಲಿಗೆ ಮುತ್ತಿಗೆ ಹಾಕಿದರು. ಗೋಲಿಬಾರ್ ಆಯಿತು. ಮುಂದಿನ ಮೂರು ನಾಲ್ಕು ದಿನಗಳಲ್ಲಿ ಪನಾಮದ 20ಕ್ಕೂ ಹೆಚ್ಚು ಜನ ಸತ್ತರು. ಅಮೆರಿಕದ ನಾಲ್ವರು ಸೈನಿಕರೂ ಸತ್ತರು. ಮೊದಲು ಗುಂಡು ತಗುಲಿ ಬಿದ್ದವರಲ್ಲಿ ಅಸ್ಕಾನಿಯೋ ಅರೋಸೆಮೆನಾ ಎಂಬ 20 ವರ್ಷದ ವಿದ್ಯಾರ್ಥಿಯೂ ಇದ್ದ. ಆ ಹುಡುಗನ ಹೆಸರನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಮತ್ತೆ ಬರುತ್ತದೆ.

ಈಗ ಎರಡನೆಯ ಪ್ರಶ್ನೆ. ನಾನು ಮಂಗಳೂರಿನಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನು. ಆದರೆ ಈ ವಿಷಯವನ್ನು ಹೇಗೆ ನೋಡಬೇಕು ಎಂದು ಕಲಿಸಿದ್ದು ನನ್ನ ಅಪ್ಪ. ಅವರು ಬಂದರಿನ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. "ಅಂಗಡಿ ಯಾರದು ಅಂತ ತಿಳಿಯಬೇಕಾದರೆ ಬೋರ್ಡು ಓದಬೇಡ, ಗಲ್ಲಾಪೆಟ್ಟಿಗೆಯ ಬೀಗದ ಕೈ ಯಾರ ಸೊಂಟದಲ್ಲಿದೆ ನೋಡು" ಎನ್ನುತ್ತಿದ್ದರು. ಅಮೆರಿಕ ಮತ್ತು ಅದರ ನೆರೆಯವರ ಇನ್ನೂರು ವರ್ಷಗಳ ಲೆಕ್ಕವನ್ನು ನಾನು ಓದಿದ್ದೇ ಹೀಗೆ. ಸೈನಿಕರು ಇಳಿದ ತಾರೀಕು ಪುಸ್ತಕದಲ್ಲಿ ದಪ್ಪಕ್ಷರದಲ್ಲಿ ಇರುತ್ತದೆ. ಅದಕ್ಕೆ ಮೊದಲೂ ಆಮೇಲೂ ಹಣದ ಪೆಟ್ಟಿಗೆ ಯಾರ ಹತ್ತಿರ ಇತ್ತು ಎಂದು ಹುಡುಕಿದರೆ ಕತೆ ಬೇರೆಯೇ ಕಾಣುತ್ತದೆ.

ಶುರುವಿನಲ್ಲಿ ಅಮೆರಿಕಕ್ಕೆ ಅಂಥ ಶಕ್ತಿ ಇರಲಿಲ್ಲ. 1823ರ ಡಿಸೆಂಬರ್ 2ರಂದು ಅಧ್ಯಕ್ಷ ಜೇಮ್ಸ್ ಮನ್ರೋ ತಮ್ಮ ಸಂಸತ್ತಿಗೆ ಒಂದು ಸಂದೇಶ ಕಳಿಸಿದರು. ಯುರೋಪಿನ ದೇಶಗಳು ಇನ್ನು ಮುಂದೆ ಈ ಖಂಡಗಳಲ್ಲಿ ಹೊಸ ವಸಾಹತು ಮಾಡಬಾರದು ಎಂಬುದು ಅದರ ಸಾರ. ಸ್ಪೇನಿನಿಂದ ಆಗಷ್ಟೇ ಬಿಡಿಸಿಕೊಂಡಿದ್ದ ದೇಶಗಳಿಗೂ ಇದು ಹಿತವಾಗಿಯೇ ಕೇಳಿಸಿತು. ಆದರೆ 25 ವರ್ಷ ಕಳೆಯುವುದರೊಳಗೆ ಪಕ್ಕದ ಮೆಕ್ಸಿಕೋ ತನ್ನ ನೆಲದ ಅರ್ಧದಷ್ಟನ್ನು ಕಳೆದುಕೊಂಡಿತು, ಅದೂ ಅಮೆರಿಕಕ್ಕೇ. 1846ರಲ್ಲಿ ಯುದ್ಧ ಶುರುವಾಗಿ 1848ರ ಫೆಬ್ರವರಿ 2ರಂದು ಒಪ್ಪಂದವಾಯಿತು. ಕ್ಯಾಲಿಫೋರ್ನಿಯಾ, ನೆವಾಡಾ, ಯೂಟಾ ಎಲ್ಲ ಕೈ ಬದಲಾಯಿಸಿದವು. ಒಪ್ಪಂದಕ್ಕೆ ಒಂಬತ್ತೇ ದಿನ ಮೊದಲು ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿತ್ತು. ಸಹಿ ಹಾಕಿದವರಿಗೆ ಆ ಸುದ್ದಿ ಇನ್ನೂ ತಲುಪಿರಲಿಲ್ಲ. ಆ ಯುದ್ಧದಲ್ಲಿ ಕಿರಿಯ ಅಧಿಕಾರಿಯಾಗಿದ್ದ ಯುಲಿಸಿಸ್ ಗ್ರಾಂಟ್ ಮುಂದೆ ಅಮೆರಿಕದ ಅಧ್ಯಕ್ಷರೂ ಆದರು. ಬಲವಾದ ದೇಶವೊಂದು ದುರ್ಬಲ ದೇಶದ ಮೇಲೆ ಮಾಡಿದ ಅತ್ಯಂತ ಅನ್ಯಾಯದ ಯುದ್ಧಗಳಲ್ಲಿ ಇದೂ ಒಂದು ಎಂದು ಅವರೇ ಕೊನೆಗಾಲದಲ್ಲಿ ಬರೆದರು. ಹೀಗೆ ಒಪ್ಪಿಕೊಂಡವರು ಅಮೆರಿಕದಲ್ಲಿ ಎಲ್ಲ ಕಾಲದಲ್ಲೂ ಇದ್ದರು. ಇದನ್ನು ಮರೆಯಬಾರದು.

1898ರಲ್ಲಿ ಸ್ಪೇನಿನ ಜೊತೆ ಯುದ್ಧವಾಯಿತು. ಕ್ಯೂಬಾ ಸ್ಪೇನಿನಿಂದ ಬಿಡುಗಡೆಯಾಯಿತು. ಆದರೆ ಹೊಸ ದೇಶದ ಸಂವಿಧಾನದಲ್ಲೇ ಒಂದು ಷರತ್ತು ಸೇರಿಸಬೇಕಾಯಿತು: ಅಮೆರಿಕ ಬೇಕೆಂದಾಗ ಮಧ್ಯೆ ಬರಬಹುದು. 1903ರಿಂದ ಗ್ವಾಂಟನಾಮೋ ಎಂಬ ಕೊಲ್ಲಿ ಅಮೆರಿಕದ ನೌಕಾಪಡೆಗೆ ಬಾಡಿಗೆಗೆ ಹೋಯಿತು. ಇವತ್ತಿಗೂ ಅದು ಅವರ ಕೈಯಲ್ಲೇ ಇದೆ. ವರ್ಷದ ಬಾಡಿಗೆ 4,085 ಡಾಲರ್. 1959ರ ಕ್ರಾಂತಿಯ ನಂತರ ಕ್ಯೂಬಾ ಒಂದೇ ಒಂದು ಚೆಕ್ಕನ್ನು ನಗದು ಮಾಡಿಕೊಂಡಿತು. ಆಮೇಲಿನವು ಹಾಗೇ ಬಿದ್ದಿವೆ.

ಈಗ ಪನಾಮಕ್ಕೆ ಬರೋಣ. 1903ರವರೆಗೆ ಅದು ಕೊಲಂಬಿಯಾದ ಒಂದು ಭಾಗ. ಕಾಲುವೆ ತೋಡಲು ಅಮೆರಿಕ ಕೇಳಿದ ಷರತ್ತುಗಳನ್ನು ಕೊಲಂಬಿಯಾದ ಸೆನೆಟ್ ಆಗಸ್ಟಿನಲ್ಲಿ ತಿರಸ್ಕರಿಸಿತು. ನವೆಂಬರ್ 3ಕ್ಕೆ ಪನಾಮದಲ್ಲಿ ದಂಗೆಯಾಗಿ ಅದು ಸ್ವತಂತ್ರ ಎಂದು ಘೋಷಿಸಿದರು. ಅಷ್ಟು ಹೊತ್ತಿಗೆ ಅಮೆರಿಕದ ಯುದ್ಧನೌಕೆ ಅಲ್ಲಿಗೆ ಬಂದು ನಿಂತಿತ್ತು. ಮೂರೇ ದಿನಕ್ಕೆ ಅಮೆರಿಕ ಹೊಸ ದೇಶಕ್ಕೆ ಮಾನ್ಯತೆ ಕೊಟ್ಟಿತು. ನವೆಂಬರ್ 18ಕ್ಕೆ ಕಾಲುವೆಯ ಒಪ್ಪಂದಕ್ಕೆ ಸಹಿ ಬಿತ್ತು. ಪನಾಮದ ಪರವಾಗಿ ಸಹಿ ಹಾಕಿದ್ದು ಫಿಲಿಪ್ ಬ್ಯೂನೋ ವಾರಿಯಾ ಎಂಬ ಫ್ರೆಂಚ್ ಎಂಜಿನಿಯರ್. ಫ್ರೆಂಚರ ಹಳೆಯ ಕಾಲುವೆ ಕಂಪನಿಯಲ್ಲಿ ಅವರ ಹಣವಿತ್ತು. ಪನಾಮದಿಂದ ಹೊರಟಿದ್ದ ನಿಯೋಗ ವಾಷಿಂಗ್ಟನ್ ತಲುಪುವಾಗ ಸಹಿ ಮುಗಿದು ಕೆಲವು ಗಂಟೆ ಆಗಿತ್ತು. ಒಂದು ದೇಶದ ನಡುಭಾಗವನ್ನು ಶಾಶ್ವತವಾಗಿ ಬಿಟ್ಟುಕೊಟ್ಟ ಕಾಗದದಲ್ಲಿ ಆ ದೇಶದ ಒಬ್ಬನ ಸಹಿಯೂ ಇಲ್ಲ. ಪನಾಮಕ್ಕೆ ಸಿಕ್ಕಿದ್ದು ಒಮ್ಮೆಗೆ 1 ಕೋಟಿ ಡಾಲರ್, ಆಮೇಲೆ ವರ್ಷಕ್ಕೆ 2.5 ಲಕ್ಷ. ಹಾದುಹೋಗುವ ಹಡಗುಗಳ ಸುಂಕ ಅಮೆರಿಕದ ಪೆಟ್ಟಿಗೆಗೆ.

ಒಳ್ಳೆಯದು ಏನೂ ಆಗಲಿಲ್ಲವೇ ಎಂದರೆ, ಆಯಿತು. ಕಾಲುವೆ ತೋಡುವಾಗ ವಿಲಿಯಂ ಗೋರ್ಗಾಸ್ ಎಂಬ ಸೇನಾ ವೈದ್ಯರು ಸೊಳ್ಳೆಗಳ ಬೆನ್ನು ಬಿದ್ದರು. ನಿಂತ ನೀರಿಗೆ ಎಣ್ಣೆ ಸುರಿಸಿದರು, ಕಿಟಕಿಗಳಿಗೆ ಜಾಲರಿ ಹಾಕಿಸಿದರು, ಪೈಪಿನಲ್ಲಿ ಒಳ್ಳೆಯ ನೀರು ತಂದರು. ಹಳದಿ ಜ್ವರ ಅಲ್ಲಿಂದ ಹೋಯಿತು, ಮಲೇರಿಯಾ ತುಂಬಾ ಇಳಿಯಿತು. ಮಳೆಗಾಲ ಬಂತೆಂದರೆ ಟೆರೇಸು, ತೊಟ್ಟಿ, ಹಳೆ ಟಯರು ನೋಡಿಕೊಂಡು ಬರುವ ಮಂಗಳೂರಿನವರಿಗೆ ಈ ಕೆಲಸದ ಬೆಲೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅದೇ ವಲಯದಲ್ಲಿ ಬಿಳಿಯ ಅಮೆರಿಕನ್ನರಿಗೆ ಚಿನ್ನದ ನಾಣ್ಯದಲ್ಲಿ ಸಂಬಳ. ಕೆರಿಬಿಯನ್ ದ್ವೀಪಗಳಿಂದ ಬಂದ ಕಪ್ಪು ಕೂಲಿಗಳಿಗೆ ಬೆಳ್ಳಿಯ ನಾಣ್ಯದಲ್ಲಿ. ಅಂಚೆ ಕಚೇರಿಯ ಕೌಂಟರ್ ಕೂಡ ಎರಡು, ಒಂದು ಚಿನ್ನದವರಿಗೆ, ಇನ್ನೊಂದು ಬೆಳ್ಳಿಯವರಿಗೆ. ಅಮೆರಿಕ ಕಾಲುವೆ ತೋಡಿದ ಹತ್ತು ವರ್ಷಗಳಲ್ಲಿ ಸತ್ತವರು ಸುಮಾರು 5,600. ಅವರಲ್ಲಿ ಹೆಚ್ಚಿನವರು ಬೆಳ್ಳಿಯ ಸಾಲಿನವರು.

1904ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಮನ್ರೋ ಅವರ ಮಾತಿಗೆ ಹೊಸ ಬಾಲ ಜೋಡಿಸಿದರು. ಅದಕ್ಕೆ ಎರಡು ವರ್ಷ ಮೊದಲು ವೆನೆಜುವೆಲಾ ಸಾಲ ಕಟ್ಟಲಿಲ್ಲವೆಂದು ಜರ್ಮನಿ, ಬ್ರಿಟನ್, ಇಟಲಿ ತಮ್ಮ ಹಡಗುಗಳನ್ನು ತಂದು ಅದರ ಬಂದರುಗಳಿಗೆ ದಿಗ್ಬಂಧನ ಹಾಕಿದ್ದವು. ಯುರೋಪಿನವರು ಹೀಗೆ ಸಾಲ ವಸೂಲಿಗೆ ಬರುವುದು ಬೇಡ, ಆ ಪೊಲೀಸ್ ಕೆಲಸ ನಾವೇ ಮಾಡುತ್ತೇವೆ ಎಂದರು ರೂಸ್‌ವೆಲ್ಟ್. ನನ್ನ ಅಪ್ಪನ ಮಾತು ಇಲ್ಲಿಂದ ಅಕ್ಷರಶಃ ನಿಜವಾಗುತ್ತದೆ. ಮರುವರ್ಷ, 1905ರಲ್ಲಿ, ಡೊಮಿನಿಕನ್ ಗಣರಾಜ್ಯದ ಬಂದರುಗಳ ಸುಂಕದ ಕಟ್ಟೆಗಳಿಗೆ ಅಮೆರಿಕದ ಅಧಿಕಾರಿಗಳು ಬಂದು ಕೂತರು. ಬಂದ ಸುಂಕದಲ್ಲಿ ನೂರಕ್ಕೆ 55 ಸಾಲ ಕೊಟ್ಟವರಿಗೆ, 45 ಆ ದೇಶದ ಸರ್ಕಾರಕ್ಕೆ. ಆ ಕಾಲದಲ್ಲಿ ಅಂಥ ಸಣ್ಣ ದೇಶಕ್ಕೆ ಆದಾಯ ಎಂದರೆ ಬಂದರಿನ ಸುಂಕವೇ. ಅದು ಹೋಯಿತು ಎಂದರೆ ಮೇಷ್ಟ್ರ ಸಂಬಳ, ಪೊಲೀಸರ ಸಂಬಳ, ರಸ್ತೆ ರಿಪೇರಿ ಎಲ್ಲದಕ್ಕೂ ಪರದೇಶದ ಗುಮಾಸ್ತನ ಕೈ ನೋಡಬೇಕು. ಇಷ್ಟಕ್ಕೇ ನಿಲ್ಲಲಿಲ್ಲ. 1916ರಲ್ಲಿ ಅಮೆರಿಕದ ಸೈನ್ಯವೂ ಬಂತು, 1924ರ ತನಕ ಇತ್ತು. ಸೈನ್ಯ ಹೋದ ಮೇಲೂ ಸುಂಕದ ಕಟ್ಟೆ ಮರಳಿ ಸಿಗಲು 1940ರ ದಶಕ ಬರಬೇಕಾಯಿತು. ಆ ಸೈನ್ಯ ತರಬೇತಿ ಕೊಟ್ಟು ಬೆಳೆಸಿದ ಅಧಿಕಾರಿ ರಫಾಯೆಲ್ ತ್ರುಹಿಯೋ 1930ರಲ್ಲಿ ಗದ್ದುಗೆ ಹಿಡಿದು 31 ವರ್ಷ ಆ ದೇಶವನ್ನು ಹೆದರಿಸಿ ಆಳಿದ.

ಪಕ್ಕದ ಹೈಟಿಯ ಕತೆ ಹೇಳುವಾಗ ನನಗೆ ಇವತ್ತಿಗೂ ಸಂಕಟವಾಗುತ್ತದೆ. ಗುಲಾಮರು ತಾವೇ ದಂಗೆ ಎದ್ದು, 1804ರಲ್ಲಿ ಕಟ್ಟಿಕೊಂಡ ದೇಶ ಅದು. ಅದಕ್ಕೆ ಶಿಕ್ಷೆಯೋ ಎಂಬಂತೆ ಫ್ರಾನ್ಸ್ 1825ರಲ್ಲಿ ಯುದ್ಧನೌಕೆ ಕಳಿಸಿ, ಗುಲಾಮರನ್ನೂ ತೋಟಗಳನ್ನೂ ಕಳೆದುಕೊಂಡ ಒಡೆಯರಿಗೆ 15 ಕೋಟಿ ಫ್ರಾಂಕ್ ಪರಿಹಾರ ಕೊಡಬೇಕೆಂದಿತು. ಮುಂದೆ ಅದನ್ನು 9 ಕೋಟಿಗೆ ಇಳಿಸಿದರು. ಬಿಡುಗಡೆಯಾದ ಮನುಷ್ಯ ತನ್ನ ಬೆಲೆಯನ್ನು ತಾನೇ ಒಡೆಯನಿಗೆ ಕಟ್ಟಬೇಕು! ಆ ಸಾಲ ತೀರಿಸಲು ಇನ್ನೊಂದು ಸಾಲ, ಅದಕ್ಕೆ ಮತ್ತೊಂದು. 1914ರ ಡಿಸೆಂಬರ್ 17ರಂದು ಅಮೆರಿಕದ ನೌಕಾ ಸೈನಿಕರು ಹೈಟಿಯ ರಾಷ್ಟ್ರೀಯ ಬ್ಯಾಂಕಿನಿಂದ 5 ಲಕ್ಷ ಡಾಲರ್ ಬೆಲೆಯ ಚಿನ್ನವನ್ನು ಮರದ ಪೆಟ್ಟಿಗೆಗಳಲ್ಲಿ ಹೊತ್ತು ಹಡಗಿಗೆ ಏರಿಸಿದರು. ಅದು ನ್ಯೂಯಾರ್ಕಿನ ಬ್ಯಾಂಕಿನ ತಿಜೋರಿ ಸೇರಿತು. ಏಳು ತಿಂಗಳು ಕಳೆದು ಹೈಟಿಯ ಅಧ್ಯಕ್ಷರನ್ನು ಜನರ ಗುಂಪು ಕೊಂದಿತು. ಅದೇ ದಿನ, 1915ರ ಜುಲೈ 28ರಂದು, ಸೈನ್ಯ ಇಳಿಯಿತು. ಗಲಭೆ ಇತ್ತು, ರಕ್ತಪಾತ ಇತ್ತು, ಅದು ಸುಳ್ಳಲ್ಲ. ಆದರೆ ಚಿನ್ನ ಹೋದದ್ದು ಸೈನ್ಯ ಬರುವ ಮೊದಲೇ, ನೋಡಿ.

ಸೈನ್ಯ 19 ವರ್ಷ ಉಳಿಯಿತು. ರಸ್ತೆ ಮಾಡಿದರು, ಆಸ್ಪತ್ರೆ ಕಟ್ಟಿದರು. ರಸ್ತೆಗೆ ರೈತರನ್ನು ಹಿಡಿದು ತಂದು ಬಿಟ್ಟಿ ದುಡಿಸಿದರು. ಕೆಲವೆಡೆ ಹಗ್ಗ ಕಟ್ಟಿ ಕರೆತಂದರು. ಇದರ ವಿರುದ್ಧ ಎದ್ದ ಗುಡ್ಡಗಾಡಿನ ಜನರ ನಾಯಕ ಶಾರ್ಲಮೇನ್ ಪೆರಾಲ್ಟ್ ಎಂಬವರನ್ನು 1919ರಲ್ಲಿ ಮೋಸದಿಂದ ಕೊಂದರು. ಸತ್ತಿದ್ದಾನೆ ಎಂದು ಜನ ನಂಬಲಿ ಎಂದು ಹೆಣವನ್ನು ಒಂದು ಬಾಗಿಲಿಗೆ ಕಟ್ಟಿ ನಿಲ್ಲಿಸಿ ಫೋಟೊ ತೆಗೆದು ಊರೂರಿಗೆ ಹಂಚಿದರು. ಜನ ಆ ಫೋಟೊ ನೋಡಿ ಶಿಲುಬೆಗೇರಿದ ಯೇಸುವನ್ನು ಕಂಡರು. ಹೆದರಿಸಲು ಹಂಚಿದ ಚಿತ್ರವನ್ನು ಅವರು ಇವತ್ತಿಗೂ ಗೌರವದಿಂದ ಇಟ್ಟುಕೊಂಡಿದ್ದಾರೆ. ಸೈನ್ಯ 1934ರಲ್ಲಿ ಹೋಯಿತು. ಹಣಕಾಸಿನ ಮೇಲಿನ ಅಮೆರಿಕದ ಹಿಡಿತ ಮಾತ್ರ 1947ರ ತನಕ ಇತ್ತು.

ಇದು ನಮ್ಮೂರಿಗೆ ಅಪರಿಚಿತ ಕತೆಯೇನಲ್ಲ. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕೊಡಗನ್ನು ನುಂಗಿತು. ಕೊಡಗಿನ ರಾಜನ ಕೆಳಗಿದ್ದ ಪುತ್ತೂರು, ಸುಳ್ಯ ಕಡೆಯ ಊರುಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಮೊದಲು ಬೆಳೆದ ಬೆಳೆಯಲ್ಲೇ ಕಂದಾಯ ಕೊಡುತ್ತಿದ್ದ ರೈತರು ಇನ್ನು ಮುಂದೆ ನಗದು ಕಟ್ಟಬೇಕಾಯಿತು. ಕೈಯಲ್ಲಿ ಕಾಸು ಎಲ್ಲಿಂದ ಬರಬೇಕು? 1837ರಲ್ಲಿ ಜನ ಎದ್ದರು. ಅವರು ಮೊದಲು ಹಿಡಿದದ್ದು ಬೆಳ್ಳಾರೆಯ ಖಜಾನೆಯನ್ನು. ಏಪ್ರಿಲ್‌ನಲ್ಲಿ ಮಂಗಳೂರಿಗೆ ಬಂದು ಬಾವುಟಗುಡ್ಡೆಯಲ್ಲಿ ಬಾವುಟ ಏರಿಸಿದರು. ಸುಮಾರು ಎರಡು ವಾರ ಊರು ಅವರ ಕೈಯಲ್ಲಿತ್ತು. ನಾನು ಪಾಠ ಮಾಡುವಾಗ ಹೈಟಿ ಎಂದರೆ ಮಕ್ಕಳು ಆಕಳಿಸುತ್ತಿದ್ದರು. ಬೆಳ್ಳಾರೆಯ ಖಜಾನೆ ಎಂದ ಕೂಡಲೇ ಸುಳ್ಯದ ಕಡೆಯ ಹುಡುಗರು ನೆಟ್ಟಗೆ ಕೂರುತ್ತಿದ್ದರು. ಆಮೇಲೆ ಹೈಟಿಯನ್ನು ವಿವರಿಸುವುದು ಕಷ್ಟವಾಗುತ್ತಿರಲಿಲ್ಲ.

ನನ್ನ ಮಾತಿಗೆ ಸಾಕ್ಷಿ ಬೇಕೆಂದರೆ ಸ್ಮೆಡ್ಲಿ ಬಟ್ಲರ್ ಇದ್ದಾರೆ. ಅಮೆರಿಕದ ನೌಕಾ ಸೈನ್ಯದ ಮೇಜರ್ ಜನರಲ್. ಆ ದೇಶದ ಅತಿ ದೊಡ್ಡ ಶೌರ್ಯ ಪದಕ ಎರಡು ಸಲ ಪಡೆದವರು, ಒಮ್ಮೆ ಮೆಕ್ಸಿಕೋದ ವೆರಾಕ್ರೂಜ್‌ನಲ್ಲಿ, ಇನ್ನೊಮ್ಮೆ ಹೈಟಿಯಲ್ಲಿ. ನಿವೃತ್ತರಾದ ಮೇಲೆ 1935ರಲ್ಲಿ ಅವರು ಬಹಿರಂಗವಾಗಿ ಬರೆದರು: ತಾನು ಇಷ್ಟು ವರ್ಷ ಮಾಡಿದ್ದು ದೊಡ್ಡ ಕಂಪನಿಗಳ, ಬ್ಯಾಂಕುಗಳ ಪರವಾಗಿ ಬಲ ತೋರಿಸುವ ಕೆಲಸ, ಹೈಟಿ ಮತ್ತು ಕ್ಯೂಬಾವನ್ನು ಬ್ಯಾಂಕಿನವರು ವಸೂಲಿ ಮಾಡಲು ಅನುಕೂಲವಾದ ಜಾಗ ಮಾಡಿಕೊಟ್ಟೆ ಎಂದು. ಎದೆಯ ಮೇಲೆ ಎರಡು ಪದಕ ಇರುವವರು ಇದನ್ನು ಹೇಳಲು ಎಷ್ಟು ಧೈರ್ಯ ಬೇಕು, ಅಲ್ವಾ?

ಇನ್ನು ಬಾಳೆಹಣ್ಣಿನ ವಿಷಯ. ಬಾಳೆ ನಮ್ಮ ಏಷ್ಯಾದ ಕಡೆಯಿಂದ ಅಲ್ಲಿಗೆ ಹೋದ ಗಿಡ. ನಮ್ಮಲ್ಲಿ ಮನೆಯ ಹಿಂದಿನ ಬಚ್ಚಲ ನೀರಿಗೆ ನಾಲ್ಕು ಕದಳಿ, ಎರಡು ನೇಂದ್ರ ನೆಟ್ಟರೆ ಮುಗಿಯಿತು. ಮಧ್ಯ ಅಮೆರಿಕದಲ್ಲಿ ಅದು ಸಾಮ್ರಾಜ್ಯವಾಯಿತು. ಯುನೈಟೆಡ್ ಫ್ರೂಟ್ ಎಂಬ ಅಮೆರಿಕದ ಕಂಪನಿ 1899ರಲ್ಲಿ ಶುರುವಾಯಿತು. ಗ್ವಾಟೆಮಾಲಾದಲ್ಲಿ ರೈಲು ಅದರ ಕೈಯಲ್ಲಿ, ಅಟ್ಲಾಂಟಿಕ್ ಕಡೆಯ ಬಂದರು ಅದರ ಕೈಯಲ್ಲಿ. ಸುಮಾರು 5.5 ಲಕ್ಷ ಎಕರೆ ನೆಲ ಅದರದ್ದು. ಜನ ಕಂಪನಿಯನ್ನು ಆಕ್ಟೋಪಸ್, ಅಂದರೆ ಎಂಟು ಕೈಗಳ ಕಡಲ ಪ್ರಾಣಿ ಎಂದು ಕರೆಯುತ್ತಿದ್ದರು. ಆ ನೆಲದಲ್ಲಿ ನೂರಕ್ಕೆ 85ರಷ್ಟು ಸುಮ್ನೆ ಪಾಳು ಬಿದ್ದಿತ್ತು.

ಚುನಾವಣೆಯಲ್ಲಿ ಗೆದ್ದು 1951ರಲ್ಲಿ ಅಧ್ಯಕ್ಷರಾದ ಹಕೋಬೋ ಆರ್ಬೆನ್ಸ್ 1952ರಲ್ಲಿ ಭೂಸುಧಾರಣೆ ಕಾನೂನು ತಂದರು. ದೊಡ್ಡ ಹಿಡುವಳಿಗಳ ಪಾಳು ನೆಲ ತೆಗೆದು ಇಲ್ಲದವರಿಗೆ ಹಂಚುವುದು. ಉಳುವವನಿಗೆ ಭೂಮಿ ಕಂಡ ನಮ್ಮ ಜಿಲ್ಲೆಯವರಿಗೆ ಇದರಲ್ಲಿ ಹೊಸತೇನೂ ಕಾಣಿಸದು. ಕಂಪನಿಯ 2 ಲಕ್ಷ ಎಕರೆಗೂ ಹೆಚ್ಚು ನೆಲ ಹೋಯಿತು. ಪರಿಹಾರ ಎಷ್ಟು? ತೆರಿಗೆ ಕಟ್ಟಲು ಕಂಪನಿ ತಾನೇ ಬರೆದು ಕೊಟ್ಟಿದ್ದ ಬೆಲೆಯಷ್ಟು, ಸುಮಾರು 6.27 ಲಕ್ಷ ಡಾಲರ್. ನೋಂದಣಿ ಪತ್ರದಲ್ಲಿ ಕಡಿಮೆ ಬೆಲೆ ತೋರಿಸಿ, ನಾಳೆ ರಸ್ತೆ ಅಗಲ ಮಾಡುವಾಗ ಅದೇ ಬೆಲೆ ಕೈಗೆ ಬಂದರೆ ಹೊಟ್ಟೆ ಉರಿಯುತ್ತದಲ್ಲ, ಹಾಗಾಯಿತು ಕಂಪನಿಗೆ. ಅದರ ಪರವಾಗಿ ಅಮೆರಿಕದ ವಿದೇಶಾಂಗ ಇಲಾಖೆಯೇ ಕೇಳಿದ ಮೊತ್ತ 1.58 ಕೋಟಿ ಡಾಲರ್. ಆಗ ವಿದೇಶಾಂಗ ಸಚಿವರಾಗಿದ್ದವರು ಜಾನ್ ಫಾಸ್ಟರ್ ಡಲ್ಲೆಸ್. ಅವರಿದ್ದ ವಕೀಲರ ಸಂಸ್ಥೆ ಹಿಂದೆ ಈ ಕಂಪನಿಗೆ ಕೆಲಸ ಮಾಡಿತ್ತು. ಗುಪ್ತಚರ ಸಂಸ್ಥೆ ಸಿಐಎಯ ಮುಖ್ಯಸ್ಥ ಅವರ ತಮ್ಮ ಆಲೆನ್ ಡಲ್ಲೆಸ್.

1954ರ ಜೂನ್ 18ರಂದು ಹೊಂಡುರಾಸ್ ಕಡೆಯಿಂದ ಕೆಲವೇ ನೂರು ಜನರ ಪಡೆಯೊಂದು ಗಡಿ ದಾಟಿತು. ಸಿಐಎ ಹಣ, ಸಿಐಎ ಆಯುಧ, ಮೇಲೆ ಬೆರಳೆಣಿಕೆಯ ವಿಮಾನ. ನಿಜವಾದ ಆಯುಧ ರೇಡಿಯೋ. ಗ್ವಾಟೆಮಾಲಾದ ಕಾಡಿನೊಳಗಿಂದ ಮಾತಾಡುತ್ತಿದ್ದೇವೆ ಎನ್ನುತ್ತಿದ್ದ ಆ ನಿಲಯ ಇದ್ದದ್ದು ದೇಶದ ಹೊರಗೆ. ದೊಡ್ಡ ಸೈನ್ಯ ಬರುತ್ತಿದೆ, ಊರು ಊರೇ ಶರಣಾಗಿದೆ ಎಂದು ದಿನವಿಡೀ ಸುಳ್ಳು ಹೇಳಿತು. ಹೋರಾಡಿದರೆ ಅಮೆರಿಕವೇ ಬರುತ್ತದೆ ಎಂದು ಸೇನಾಧಿಕಾರಿಗಳು ಹೆದರಿ ಕೈಚೆಲ್ಲಿದರು. ಜೂನ್ 27ಕ್ಕೆ ಆರ್ಬೆನ್ಸ್ ರಾಜೀನಾಮೆ ಕೊಟ್ಟರು. ದೇಶ ಬಿಡುವಾಗ ವಿಮಾನ ನಿಲ್ದಾಣದಲ್ಲಿ ಕ್ಯಾಮೆರಾಗಳ ಮುಂದೆ ಅವರ ಬಟ್ಟೆ ಬಿಚ್ಚಿಸಿ ತಪಾಸಣೆ ಮಾಡಿದರು. ಒಳ ಉಡುಪಿನಲ್ಲಿ ನಿಂತ ಮಾಜಿ ಅಧ್ಯಕ್ಷರು. ಹಂಚಿದ ನೆಲ ರೈತರಿಂದ ಮರಳಿ ಹೋಯಿತು.

ಇಲ್ಲಿ ನನ್ನ ಅಪ್ಪನ ಸೂತ್ರಕ್ಕೆ ನಾನೇ ಒಂದು ತಿದ್ದುಪಡಿ ಹಾಕಬೇಕು. ಎಲ್ಲವೂ ಬಾಳೆಹಣ್ಣಿನ ಕಂಪನಿಗಾಗಿ ಎಂದರೆ ಅರ್ಧ ಸತ್ಯ. ಅದೇ 1954ರಲ್ಲಿ ಅಮೆರಿಕದ ಸರ್ಕಾರವೇ ಏಕಸ್ವಾಮ್ಯದ ಆರೋಪ ಹೊರಿಸಿ ಆ ಕಂಪನಿಯ ಮೇಲೆ ಕೇಸು ಹಾಕಿತು. ಶೀತಲ ಸಮರದ ಕಾಲ ಅದು. ಕಮ್ಯುನಿಸಂ ತಮ್ಮ ಹಿತ್ತಲಿಗೆ ಬರುತ್ತದೆ ಎಂಬ ಭಯ ವಾಷಿಂಗ್ಟನ್‌ನಲ್ಲಿ ನಿಜವಾಗಿಯೂ ಇತ್ತು. ಭಯ ಇದ್ದದ್ದು ಹೌದು. ಆದರೆ ಪಾಳು ನೆಲ ಪಡೆದ ರೈತನಲ್ಲೂ ಮಾಸ್ಕೋ ಕಾಣಿಸುವಷ್ಟು ಅದು ಬೆಳೆದದ್ದಕ್ಕೆ ಯಾರ ಮಾತು ಅಧಿಕಾರಿಗಳ ಕಿವಿಗೆ ಬೀಳುತ್ತಿತ್ತು ಎಂಬುದು ಮುಖ್ಯ. ಕಂಪನಿಯ ಮಾತು ಬೀಳುತ್ತಿತ್ತು. ಗ್ವಾಟೆಮಾಲಾದ ರೈತನದ್ದು ಬೀಳುತ್ತಿರಲಿಲ್ಲ.

ಬೆಲೆ ತೆತ್ತವರೂ ಆ ರೈತರೇ. 1960ರಿಂದ 1996ರ ತನಕ ಒಳಯುದ್ಧ. 2 ಲಕ್ಷ ಜನ ಸತ್ತರು ಇಲ್ಲವೇ ಕಾಣೆಯಾದರು ಎಂದು ವಿಶ್ವಸಂಸ್ಥೆಯ ಬೆಂಬಲದ ಸತ್ಯಶೋಧನಾ ಆಯೋಗ 1999ರಲ್ಲಿ ವರದಿ ಕೊಟ್ಟಿತು. ಬಹುಪಾಲು ಮಾಯಾ ಬುಡಕಟ್ಟಿನವರು. ಬಹುಪಾಲು ಕೊಲೆ ಮಾಡಿದ್ದು ಸರ್ಕಾರದ ಪಡೆಗಳು. ಅದೇ ವರ್ಷ ಅಧ್ಯಕ್ಷ ಬಿಲ್ ಕ್ಲಿಂಟನ್ ಗ್ವಾಟೆಮಾಲಾಕ್ಕೆ ಹೋಗಿ, ಆ ಪಡೆಗಳಿಗೆ ಅಮೆರಿಕ ಬೆಂಬಲ ಕೊಟ್ಟದ್ದು ತಪ್ಪು ಎಂದು ಒಪ್ಪಿಕೊಂಡರು. 1954ರಲ್ಲಿ ರಾಜಧಾನಿಯಲ್ಲಿದ್ದು ಎಲ್ಲವನ್ನೂ ಕಣ್ಣಾರೆ ನೋಡಿದ 26 ವರ್ಷದ ಒಬ್ಬ ಡಾಕ್ಟರು ಅಲ್ಲಿಂದ ಮೆಕ್ಸಿಕೋಗೆ ಹೋಗಿ ಕ್ಯೂಬಾದ ಕ್ರಾಂತಿಕಾರರನ್ನು ಸೇರಿದ. ಅವನೇ ಚೆ ಗೆವಾರ. ಯಾವುದಕ್ಕೆ ಹೆದರಿ ಕೈ ಹಾಕಿದರೋ ಆ ಕಮ್ಯುನಿಸಂ ಏಳು ವರ್ಷದಲ್ಲಿ ಇನ್ನೂ ಹತ್ತಿರ, ಕ್ಯೂಬಾಕ್ಕೇ ಬಂದು ನಿಂತಿತು.

ಬೇರೆ ದಾರಿಯೇ ಇರಲಿಲ್ಲವೇ? ಇತ್ತು. 1933ರಲ್ಲಿ ಬಂದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಒಳ್ಳೆಯ ನೆರೆಯವರಾಗಿರೋಣ ಎಂಬ ನೀತಿ ತಂದರು. ಹೈಟಿಯಿಂದ ಸೈನ್ಯ ವಾಪಸಾಯಿತು, ಕ್ಯೂಬಾದ ಆ ಷರತ್ತು ಹೋಯಿತು. 1938ರಲ್ಲಿ ಮೆಕ್ಸಿಕೋದ ಅಧ್ಯಕ್ಷ ಲಾಸಾರೋ ಕಾರ್ಡೆನಾಸ್ ಅಮೆರಿಕ, ಬ್ರಿಟನ್ ಕಂಪನಿಗಳ ತೈಲ ಬಾವಿಗಳನ್ನೇ ರಾಷ್ಟ್ರೀಕರಣ ಮಾಡಿದರು. ಪರಿಹಾರಕ್ಕೆ ಹಣ ಕೂಡಿಸಲು ಮೆಕ್ಸಿಕೋ ನಗರದಲ್ಲಿ ಹೆಂಗಸರು ಸಾಲುಗಟ್ಟಿ ನಿಂತು ಮದುವೆಯ ಉಂಗುರ, ಮನೆಯ ಕೋಳಿ ತಂದು ಕೊಟ್ಟರು. ರೂಸ್‌ವೆಲ್ಟ್ ಸೈನ್ಯ ಕಳಿಸಲಿಲ್ಲ. ಮಾತುಕತೆಯಲ್ಲಿ ಪರಿಹಾರ ತೀರ್ಮಾನವಾಯಿತು. ಮುಂದೆ ಎರಡನೇ ಮಹಾಯುದ್ಧದಲ್ಲಿ ಮೆಕ್ಸಿಕೋ ಅಮೆರಿಕದ ಪರ ನಿಂತಿತು.

ಆದರೆ ಈ ನೀತಿ ಹೆಚ್ಚು ಕಾಲ ಬಾಳಲಿಲ್ಲ. 1961ರಲ್ಲಿ ಕ್ಯೂಬಾದ ಪಿಗ್ಸ್ ಕೊಲ್ಲಿ, 1965ರಲ್ಲಿ ಮತ್ತೆ ಡೊಮಿನಿಕನ್ ಗಣರಾಜ್ಯ, 1983ರಲ್ಲಿ ಗ್ರೆನಡಾ, ಹೀಗೆ ಅಮೆರಿಕ ಮತ್ತೆ ಮತ್ತೆ ಕೈ ಹಾಕಿತು. ನಿಕರಾಗುವಾದ ಒಂದು ಸಂಗತಿ ಮಾತ್ರ ಹೇಳುತ್ತೇನೆ, ನೀವು ಮಲ್ಪೆಯವರಾದ ಕಾರಣ. ಅಲ್ಲಿಯ ಎಡಪಂಥೀಯ ಸರ್ಕಾರವನ್ನು ಕೆಡವಲು ಅಮೆರಿಕ ಬಂಡುಕೋರರಿಗೆ ಆಯುಧ ಕೊಡುತ್ತಿತ್ತು. 1984ರಲ್ಲಿ ಸಿಐಎ ಆ ದೇಶದ ಬಂದರುಗಳ ನೀರಿನಲ್ಲಿ ಸಿಡಿಮದ್ದು ಇರಿಸಿತು. ಮೀನು ಹಿಡಿಯುವ ದೋಣಿಗಳೂ ಅದಕ್ಕೆ ಬಲಿಯಾದವು. ಬೆಳಗಿನ ಜಾವ ಬಲೆ ಏರಿಸಿಕೊಂಡು ಹೊರಟ ದೋಣಿ ಅಳಿವೆಯ ಬಾಯಲ್ಲೇ ಸಿಡಿದರೆ ಹೇಗಿರುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ನಿಕರಾಗುವಾ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ನಮ್ಮ ಕರಾವಳಿಯ ಬೆನಗಲ್ ನರಸಿಂಗ ರಾಯರು 1952ರಲ್ಲಿ ನ್ಯಾಯಮೂರ್ತಿಯಾಗಿದ್ದ ಕೋರ್ಟು ಅದು. 1986ರ ಜೂನ್ 27ರಂದು ತೀರ್ಪು ಬಂತು: ಅಮೆರಿಕ ಅಂತರರಾಷ್ಟ್ರೀಯ ಕಾನೂನು ಮುರಿದಿದೆ, ಪರಿಹಾರ ಕೊಡಬೇಕು. ಆಗ ಆ ಕೋರ್ಟಿನ ಅಧ್ಯಕ್ಷರು ನಮ್ಮ ದೇಶದ ನಾಗೇಂದ್ರ ಸಿಂಗ್. ಅಮೆರಿಕ ತೀರ್ಪನ್ನು ಒಪ್ಪಲಿಲ್ಲ. ಪರಿಹಾರ ಕೊಡಲೂ ಇಲ್ಲ.

ನಿಮ್ಮ ಮೂರನೆಯ ಪ್ರಶ್ನೆ, ನಾವೂ ಸೇರಿ ಎಂಬುದು, ನನಗೆ ತುಂಬಾ ಇಷ್ಟವಾಯಿತು. ಇದನ್ನು ಕೇಳುವವರು ಕಡಿಮೆ. ನಮ್ಮ ಲೆಕ್ಕ ಅಮೆರಿಕದಷ್ಟು ಉದ್ದವಿಲ್ಲ. ಆದರೆ ಖಾಲಿಯೂ ಇಲ್ಲ. 1988ರ ನವೆಂಬರ್ 3ರಂದು ಮಾಲ್ಡೀವ್ಸ್‌ನಲ್ಲಿ ಬಾಡಿಗೆ ಬಂಟರು ಸರ್ಕಾರ ಕೆಡವಲು ಬಂದಾಗ ಅಲ್ಲಿಯ ಅಧ್ಯಕ್ಷರೇ ಸಹಾಯ ಕೇಳಿದರು. ನಮ್ಮ ಸೈನಿಕರು ಅದೇ ರಾತ್ರಿ ಇಳಿದರು, ಕೆಲಸ ಮುಗಿಸಿದರು, ಮರಳಿದರು. ಅದಕ್ಕೆ ಒಂದು ವರ್ಷ ಮೊದಲು ಶ್ರೀಲಂಕಾಕ್ಕೆ ಹೋದ ಶಾಂತಿಪಾಲನಾ ಪಡೆಯ ಕತೆ ಹಾಗಾಗಲಿಲ್ಲ. 1990ರ ಮಾರ್ಚಿನಲ್ಲಿ ಮರಳುವಾಗ ನಮ್ಮ ಸುಮಾರು 1,200 ಸೈನಿಕರು ಸತ್ತಿದ್ದರು. ಅಲ್ಲಿಯ ತಮಿಳರೂ ಸಿಂಹಳೀಯರೂ ಇಬ್ಬರೂ ನಮ್ಮ ಮೇಲೆ ಸಿಟ್ಟಾಗಿದ್ದರು. 2015ರಲ್ಲಿ ನೇಪಾಳ ಹೊಸ ಸಂವಿಧಾನ ತಂದ ಮೇಲೆ ಗಡಿಯಲ್ಲಿ ತಿಂಗಳುಗಟ್ಟಲೆ ಲಾರಿಗಳು ನಿಂತವು. ಇದು ಭಾರತದ ದಿಗ್ಬಂಧನ ಎಂದಿತು ನೇಪಾಳ. ಭಾರತ ಅಲ್ಲವೆಂದಿತು, ಗಡಿಯಲ್ಲಿ ಪ್ರತಿಭಟನೆ ಮಾಡುತ್ತಿದ್ದವರ ಕಡೆ ಕೈ ತೋರಿಸಿತು. ಆ ವರ್ಷ ನಮ್ಮ ಬೀದಿಯ ಹೋಟೆಲಿನಲ್ಲಿ ನೇಪಾಳದ ಒಬ್ಬ ಹುಡುಗ ಕೆಲಸಕ್ಕಿದ್ದ. ದಿನಾ ರಾತ್ರಿ ಮನೆಗೆ ಫೋನ್ ಮಾಡಿ ಸಿಲಿಂಡರ್ ಸಿಕ್ಕಿತಾ ಎಂದು ಕೇಳುತ್ತಿದ್ದ. ಅವನ ಅಮ್ಮ ಭೂಕಂಪದಲ್ಲಿ ಬಿರುಕು ಬಿಟ್ಟ ಮನೆಯಲ್ಲಿ ಸೌದೆ ಒಲೆ ಹಚ್ಚುತ್ತಿದ್ದಳು. ತಪ್ಪು ಯಾರದು ಎಂದು ಅವನ ಹತ್ತಿರ ನಾನು ವಾದ ಮಾಡಲಿಲ್ಲ. ಬಾಗಿಲು ಇರುವುದು ದೊಡ್ಡ ಮನೆಯ ಕಡೆ. ಅದು ಮುಚ್ಚಿದರೆ ಚಳಿ ಆಗುವುದು ಸಣ್ಣ ಮನೆಗೆ.

ಪನಾಮಕ್ಕೆ ಮರಳುತ್ತೇನೆ. 1964ರ ಆ ರಕ್ತಪಾತದ ನಂತರ ಪನಾಮ ಅಮೆರಿಕದ ಜೊತೆ ರಾಜತಾಂತ್ರಿಕ ಸಂಬಂಧವನ್ನೇ ಕಡಿದುಕೊಂಡಿತು. ಹಳೆಯ ಒಪ್ಪಂದ ಹೀಗೇ ಮುಂದುವರಿಯದು ಎಂದು ವಾಷಿಂಗ್ಟನ್‌ಗೂ ಗೊತ್ತಾಯಿತು. 1977ರ ಸೆಪ್ಟೆಂಬರ್ 7ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಮತ್ತು ಪನಾಮದ ಓಮಾರ್ ತೊರಿಹೋಸ್ ಹೊಸ ಒಪ್ಪಂದಕ್ಕೆ ಸಹಿ ಹಾಕಿದರು. ನಡುವೆ 1989ರ ಡಿಸೆಂಬರ್‌ನಲ್ಲಿ ಸೇನಾ ನಾಯಕ ಮಾನುಯೆಲ್ ನೊರಿಯೇಗಾರನ್ನು ಹಿಡಿಯಲು ಅಮೆರಿಕ ಮತ್ತೆ ದಾಳಿ ಮಾಡಿತು. ಆ ನೊರಿಯೇಗಾಗೆ ಹಿಂದೆ ಸಿಐಎಯಿಂದಲೇ ಹಣ ಹೋಗುತ್ತಿತ್ತು. ಎಲ್ ಚೊರಿಯೋ ಎಂಬ ಬಡವರ ಕೇರಿ ಸುಟ್ಟುಹೋಯಿತು. ಆದರೂ ಒಪ್ಪಂದ ಉಳಿಯಿತು. 1999ರ ಡಿಸೆಂಬರ್ 31ರ ಮಧ್ಯಾಹ್ನ ಕಾಲುವೆ ಪನಾಮದ ಕೈಗೆ ಬಂತು. ಈಗ ನಿಮ್ಮ ಅಣ್ಣನ ಹಡಗು ಕಟ್ಟುವ ಸುಂಕ ಪನಾಮದ ಪೆಟ್ಟಿಗೆಗೆ ಹೋಗುತ್ತದೆ.

ಅಣ್ಣನಿಗೆ ಮುಂದೆ ಯಾವಾಗಲಾದರೂ ಅಲ್ಲಿ ಇಳಿಯಲು ರಜೆ ಸಿಕ್ಕಿದರೆ ಒಂದು ರಸ್ತೆ ನೋಡಿಕೊಂಡು ಬರಲಿ. ವಲಯದ ಬೇಲಿಯ ಉದ್ದಕ್ಕೂ ಇದ್ದ ಆ ರಸ್ತೆಯ ಹೆಸರು ಹಿಂದೆ ಜುಲೈ 4ರ ರಸ್ತೆ ಎಂದಿತ್ತು, ಅಮೆರಿಕದ ಸ್ವಾತಂತ್ರ್ಯ ದಿನದ ನೆನಪಿಗೆ. ಈಗ ಅದು ಹುತಾತ್ಮರ ರಸ್ತೆ. ಬಾಲ್ಬೋವಾ ಹೈಸ್ಕೂಲಿನ ಕಟ್ಟಡವೂ ಇದೆ. ಅಲ್ಲಿ ಈಗ ಕಾಲುವೆಯ ನೌಕರರಿಗೆ ತರಬೇತಿ ಕೊಡುತ್ತಾರೆ. ಆ ಕೇಂದ್ರಕ್ಕೆ ಅಸ್ಕಾನಿಯೋ ಅರೋಸೆಮೆನಾನ ಹೆಸರಿಟ್ಟಿದ್ದಾರೆ. ಹಗ್ಗ ಹಿಡಿದು ಹಡಗು ಹತ್ತಿದ ಆ ಮನುಷ್ಯ ತನ್ನ ಕೆಲಸ ಕಲಿತದ್ದೂ ಅಲ್ಲೇ ಇರಬಹುದು.